ಹಾಡಿಗೆ ಎದ್ದು ಹೋಗುವವರು

ಫೆಬ್ರವರಿ 4

ಬುಗುರಿಗೆ,

ನಾನು ಯಾರು ಎಂಬುದು ನಿನಗೆ ಮರೆತಂತಿದೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಾನು ಈ ಮನೆಯ ಹಿರಿಯಳು. ನಿನ್ನ ಅಪ್ಪ ತೀರಿಕೊಂಡ ಮೇಲೆ ಕನ್ನಡಕದ ಅಂಗಡಿಯ ಕುರ್ಚಿಯಲ್ಲಿ ಕೂತವಳು, ಇವತ್ತಿನವರೆಗೂ ಏಳದವಳು. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಈ ಊರಿನ ನ್ಯಾಯಾಧೀಶರು, ಡಾಕ್ಟರು, ಕಾಲೇಜಿನ ಮೇಷ್ಟ್ರು ಎಲ್ಲರೂ ಲೋಕ ನೋಡುವುದು ನಾನು ಕೂರಿಸಿಕೊಟ್ಟ ಗಾಜಿನ ಮೂಲಕವೇ. ನಾನು ‘ಗಲ್ಲ ಎತ್ತಿ’ ಎಂದರೆ ಎತ್ತುತ್ತಾರೆ, ‘ಅಲುಗಾಡಬೇಡಿ’ ಎಂದರೆ ಉಸಿರು ಬಿಗಿಹಿಡಿಯುತ್ತಾರೆ. ಅಂಥವಳಿಗೆ ನೀನು ಕಳೆದ ವಾರ ಫೋನಿನಲ್ಲಿ, ‘ಅಮ್ಮಾ, ನಿಂಗೆ ಇದೆಲ್ಲ ಅರ್ಥ ಆಗಲ್ಲ, ಬಿಡು’ ಎಂದೆ.

ಬಿಡುವುದಿಲ್ಲ. ಕಾಗದ ಬರೆಯುತ್ತಿರುವುದೂ ಅದಕ್ಕೇ. ಫೋನಿನಲ್ಲಾದರೆ ನೀನು ಮಾತು ತಿರುಗಿಸುತ್ತೀಯ, ತಿರುಗದಿದ್ದರೆ ಸಿಗ್ನಲ್ ಇಲ್ಲ ಎನ್ನುತ್ತೀಯ. ಕಾಗದಕ್ಕೆ ಆ ರೋಗವಿಲ್ಲ.

ನೀನು ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ, ನೇರ ಕುರ್ಚಿಗೆ ಬರುವುದನ್ನು ಬಿಟ್ಟು, ‘ಒಂದೇ ವರ್ಷ’ ಎಂದು ಹೇಳಿ ಆ ಸಂಗೀತದವರ ಕೋಣೆ ಸೇರಿದೆ. ಸಿನಿಮಾದಲ್ಲಿ ಎಲ್ಲಿ ಯಾವ ಹಾಡು, ಎಲ್ಲಿ ಯಾವ ವಾದ್ಯ ಎಂದು ಆರಿಸುವ ಕೆಲಸವಂತೆ. ಅದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿದ್ದೆ. ನನಗೆ ಸಿಕ್ಕ ಉತ್ತರ ಮೇಲೆ ಬರೆದಿದೆ.

ಈಗ ನನ್ನ ಮಾತು ಕೇಳು. ಅಕ್ಟೋಬರಿನಲ್ಲಿ ನಾನು ಕುರ್ಚಿ ಬಿಡುತ್ತೇನೆ. ಫ್ರೇಮಿನ ಸಣ್ಣ ತಿರುಪು ಹಾಕುವಾಗ ನನ್ನ ಕೈ ಈಚೆಗೆ ನನ್ನ ಮಾತನ್ನೇ ಕೇಳುತ್ತಿಲ್ಲ. ಅಷ್ಟರೊಳಗೆ, ಸಿನಿಮಾಕ್ಕೆ ಹಾಡಿನಿಂದ ಏನಾದರೂ ಕೆಲಸವಾಗುತ್ತದೆ ಎಂದು ನನಗೆ ಮನವರಿಕೆ ಮಾಡಿಕೊಡು. ಮಾಡಿಕೊಟ್ಟರೆ ಅಲ್ಲೇ ಇರು, ನಾನು ಚಕಾರ ಎತ್ತುವುದಿಲ್ಲ. ಆಗದಿದ್ದರೆ ಬಂದು ಕುರ್ಚಿಯಲ್ಲಿ ಕೂರು. ನಾವು ಹೇಗೂ ಭಾನುವಾರ ಭಾನುವಾರ ಸಿನಿಮಾಕ್ಕೆ ಹೋಗುವವರು. ಅದೇ ಸಿನಿಮಾ ನೀನೂ ಅಲ್ಲಿ ನೋಡು.

ನಮ್ಮ ಮನೆಯ ಕ್ರಮ ಬದಲಾಗಿಲ್ಲ. ಹಾಡು ಶುರುವಾದರೆ ಇಡೀ ಸಾಲು ಎದ್ದು ಹೊರಗೆ ಹೋಗಿ ಚಹಾ ಕುಡಿಯುತ್ತೇವೆ, ಮುಗಿದ ಮೇಲೆ ಬರುತ್ತೇವೆ. ‘ಹಾಡು ಯಾರಿಗೆ ಬೇಕು?’ ಎಂದು ನಿನ್ನ ತಾತ ಹಾಕಿಕೊಟ್ಟ ಕ್ರಮ. ನನಗೂ ಅದೇ ಸರಿ ಅನ್ನಿಸುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ, ಕಥೆ ಹೇಳಲಾರದವನು ಹಾಡು ಹಾಕುತ್ತಾನೆ.

ಈ ಭಾನುವಾರದ್ದು ಲೈಟ್‌ಹೌಸ್ ಕಾಯುವವನ ಸಿನಿಮಾ. ಅವನೂ ಡಾಕ್ಟರ ಮಗಳೂ ಒಂದು ದೋಣಿಯ ವಿಷಯಕ್ಕೆ ಹಾವು ಮುಂಗುಸಿಯಂತೆ ಕಚ್ಚಾಡಿದರು. ‘ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ’ ಎಂದು ಅವಳು ಹೊರಟಳು. ವಾದ್ಯಗಳು ಎದ್ದವು, ನಾವೂ ಎದ್ದೆವು. ಚಹಾ ಕುಡಿದು ಬಂದು ನೋಡಿದರೆ ಅವಳು ಲೈಟ್‌ಹೌಸಿನ ಮೆಟ್ಟಿಲ ಮೇಲೆ ಕೂತು ಒಂದು ಮಗುವಿಗೆ ಶೂ ಹಾಕುತ್ತಿದ್ದಾಳೆ! ಮಗು ಅವಳನ್ನು ಅಮ್ಮ ಎನ್ನುತ್ತದೆ. ಯಾರ ಮಗು? ಎಲ್ಲಿಂದ ಬಂತು? ಡಾಕ್ಟರು ಎಲ್ಲಿ ಹೋದರು? ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಿನ್ನ ಅಣ್ಣ, ‘ನಾವು ತಪ್ಪಿ ಪಕ್ಕದ ಹಾಲ್‌ಗೆ ಬಂದ್ವಾ?’ ಎಂದ. ಲೆಕ್ಕದ ಮೇಷ್ಟ್ರಿಗೇ ಲೆಕ್ಕ ಸಿಗಲಿಲ್ಲ ಎಂದರೆ ಆ ಕಥೆ ಬರೆದವನಿಗೆ ಏನು ಹೇಳಬೇಕು?

ಇದಕ್ಕೆ ಉತ್ತರ ಕೊಡು.

ಇತಿ,
ಅಮ್ಮ


ಫೆಬ್ರವರಿ 16

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ನಮ್ಮ ಕೋಣೆಯ ಬಾಗಿಲಲ್ಲಿ ಕೊರಿಯರಿನವನ ಕೈಯಲ್ಲಿ ಸಿಕ್ಕಿತು. ಕೋಣೆಗೆ ಕಿಟಕಿ ಇಲ್ಲ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದಾರೆ, ಸೀನಿದರೂ ಸದ್ದು ಸತ್ತುಹೋಗುತ್ತದೆ. ಮೇಷ್ಟ್ರು, ಅಂದರೆ ನಮ್ಮ ಸಂಗೀತದವರು, ಒಂದು ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಾ ಕಣ್ಣು ಮುಚ್ಚಿ ಕೂತಿರುತ್ತಾರೆ. ನಾನು ನಿನ್ನ ಕಾಗದ ಓದಿ ನಕ್ಕಿದ್ದಕ್ಕೆ ಅವರು ಒಂದು ಕಣ್ಣು ತೆರೆದರು. ವಿಷಯ ಹೇಳಿದೆ. ‘ಪಂಥ ಒಪ್ಕೊಂಡ್ಯಾ?’ ಅಂದರು. ಒಪ್ಪಿಕೊಂಡೆ ಅಂದೆ.

ಲೈಟ್‌ಹೌಸಿನ ಮಗು ಎಲ್ಲಿಂದ ಬಂತು ಗೊತ್ತೇನಮ್ಮ? ಹಾಡಿನಿಂದ. ನೀವು ಹೊರಗೆ ಹೋದ ಮೇಲೆ ಅವಳ ಅಪ್ಪ ಕಾಯಿಲೆ ಬೀಳುತ್ತಾರೆ, ಲೈಟ್‌ಹೌಸಿನವನು ಬಿರುಗಾಳಿಯಲ್ಲಿ ದೋಣಿ ಹಾಕಿಕೊಂಡು ಔಷಧಿ ತರುತ್ತಾನೆ, ಆದರೂ ಅಪ್ಪ ಉಳಿಯುವುದಿಲ್ಲ, ಅವಳು ಒಂದು ದಿನ ತಾನಾಗಿಯೇ ಮೆಟ್ಟಿಲು ಹತ್ತಿ ಅವನ ಬಳಿಗೆ ಹೋಗುತ್ತಾಳೆ, ಮದುವೆಯಾಗುತ್ತದೆ, ಮಗು ಹುಟ್ಟಿ ನಡೆಯಲು ಕಲಿಯುತ್ತದೆ. ನೀವು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅವರ ಇಡೀ ಸಂಸಾರ ನಡೆದುಹೋಯಿತು.

ಅಮ್ಮಾ, ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಕೇಳುತ್ತೇನೆ. ‘ಈಗಿನ ಸಿನಿಮಾದವರಿಗೆ ತಲೆ ಬುಡ ಇಲ್ಲ, ಯಾರು ಯಾವಾಗ ಬೇಕಾದರೂ ಸಾಯುತ್ತಾರೆ, ಯಾರು ಯಾರನ್ನು ಬೇಕಾದರೂ ಕಟ್ಟಿಕೊಳ್ಳುತ್ತಾರೆ’ ಎಂದು ನೀನು ಊಟದ ಮೇಜಿನಲ್ಲಿ ತೀರ್ಪು ಕೊಟ್ಟಿದ್ದೆಲ್ಲ ನೆನಪಿದೆಯಲ್ಲ? ಅವರೆಲ್ಲ ಹಾಡಿನಲ್ಲೇ ಸತ್ತವರು, ಹಾಡಿನಲ್ಲೇ ಕಟ್ಟಿಕೊಂಡವರು.

ನನಗೆ ಹೇಗೆ ಗೊತ್ತು ಅಂತೀಯಾ? ಚಿಕ್ಕವಳಿದ್ದಾಗ ಪ್ರತಿ ಹಾಡಿಗೂ ನನ್ನ ಕರವಸ್ತ್ರ ಒಳಗೇ ಉಳಿದುಬಿಡುತ್ತಿತ್ತಲ್ಲ, ತರಲು ಓಡುತ್ತಿದ್ದೆನಲ್ಲ, ಹಾಗೆ.

ಆದರೆ ಪಂಥದಲ್ಲಿ ನನಗೆ ಅನ್ಯಾಯವಾಗಿದೆ. ಹಾಡಿಗೆ ಎದ್ದು ಹೋಗುವವಳಿಗೆ ಹಾಡನ್ನು ಹೇಗೆ ಮನವರಿಕೆ ಮಾಡಲಿ? ಕಣ್ಣು ಮುಚ್ಚಿಕೊಂಡು ಕೂತವರ ಕಣ್ಣು ನೀನು ಪರೀಕ್ಷೆ ಮಾಡುತ್ತೀಯಾ?

ಅಂಗಡಿಯಲ್ಲಿ ನಿನಗೆ ಕೈಜೋಡಿಸುವ ಅತ್ತಿಗೆ ಹೇಗಿದ್ದಾಳೆ? ಸೋದರತ್ತೆಯ ಮಂಡಿ ನೋವು ಹೇಗಿದೆ?

ನಿನ್ನ
ಬುಗುರಿ


ಮಾರ್ಚ್ 9

ಬುಗುರಿಗೆ,

ಕಣ್ಣು ಮುಚ್ಚಿಕೊಂಡು ಕೂತರೆ ರೆಪ್ಪೆ ಎತ್ತಿ ಪರೀಕ್ಷೆ ಮಾಡುತ್ತೇನೆ. ಮಾಡಿದ್ದೇನೆ ಕೂಡ.

ಕರವಸ್ತ್ರದ ವಿಷಯ ನನಗೆ ಆಗಲೇ ಗೊತ್ತಿತ್ತು. ಮೂಗು ಸೋರದ ಮಗುವಿಗೆ ಅಷ್ಟೊಂದು ಕರವಸ್ತ್ರ ಯಾಕೆ ಬೇಕು? ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳಬೇಡ, ನಾನು ಹೇಳುವುದಿಲ್ಲ.

ಮಗುವಿನ ಲೆಕ್ಕ ಸಿಕ್ಕಿತು. ಆದರೆ ನೀನು ಗೆಲ್ಲಲಿಲ್ಲ. ಒಬ್ಬಳ ಅಪ್ಪನ ಸಾವು, ಮದುವೆ, ಬಾಣಂತನ ಎಲ್ಲವನ್ನೂ ಒಂದು ಹಾಡಿನೊಳಗೆ ತುರುಕುವುದು ಸೋಮಾರಿತನ. ನಾಲ್ಕು ಮಾತು ಆಡಿಸಿದ್ದರೆ ಆಗುತ್ತಿತ್ತು. ಅವರು ಆಡಿಸಲಿಲ್ಲ, ಏಕೆಂದರೆ ಅವರಿಗೆ ಬರುವುದಿಲ್ಲ.

ಈ ವಾರ ಬ್ಯಾಂಕ್ ಕಳ್ಳರ ಸಿನಿಮಾ. ಇದರಲ್ಲಿ ಹಾಡು ಕಡಿಮೆ. ಹಿನ್ನೆಲೆ ಸಂಗೀತಕ್ಕೆ ಎದ್ದು ಹೋಗುವ ಕ್ರಮ ನಮ್ಮಲ್ಲಿಲ್ಲ. ಇದ್ದಿದ್ದರೆ ಈ ಸಿನಿಮಾವನ್ನು ಪೂರ್ತಿ ಹೊರಗೇ ಕಳೆಯಬೇಕಾಗಿತ್ತು. ಕಳ್ಳ ಇನ್ನೂ ಗೋಡೆ ಹಾರಿಲ್ಲ, ಆಗಲೇ ಡಮಡಮ ಎಂದು ಡೋಲು. ಕಾವಲುಗಾರನಿಗೆ ಕಿವಿ ಇಲ್ಲವೇ? ಕಪಾಟಿನ ಬಾಗಿಲು ತೆರೆದರೆ ಪಿಟೀಲು, ಮುಚ್ಚಿದರೆ ಪಿಟೀಲು. ಪೊಲೀಸಿನವನು ನೀರು ಕುಡಿದರೂ ಒಂದು ಕಹಳೆ. ಮೂಗಿಗಿಂತ ಮೂಗುತಿ ಭಾರ. ನನ್ನ ಪಕ್ಕದಲ್ಲಿ ಕೂತಿದ್ದ ನಿನ್ನ ಸೋದರತ್ತೆ ಪ್ರತಿ ಡೋಲಿಗೂ ನನ್ನ ಕೈ ಹಿಡಿದಳು. ಮಣಿಕಟ್ಟು ಕೆಂಪಾಗಿದೆ.

ನಿನ್ನ ಅತ್ತಿಗೆ ಒಳ್ಳೆಯ ಮಾತು ಹೇಳಿದಳು. ‘ಅತ್ತೆ, ಇವ್ರು ಗಿರಾಕಿಗೆ ಎಲ್ಲಾ ಗಾಜೂ ಒಟ್ಟಿಗೇ ಹಾಕಿಬಿಟ್ಟಿದಾರೆ, ಅದಕ್ಕೇ ಏನೂ ಕಾಣ್ತಿಲ್ಲ’ ಎಂದಳು. ಅವಳು ಹೆಚ್ಚು ಮಾತಾಡುವವಳಲ್ಲ. ಆಡಿದರೆ ಹೀಗೆ.

ಪಂಥದಲ್ಲಿ ಅನ್ಯಾಯ ಎಂದೆಯಲ್ಲ. ನಾನು ನ್ಯಾಯ ತಪ್ಪುವವಳಲ್ಲ. ಮುಂದಿನ ಸಿನಿಮಾಕ್ಕೆ ನಿನ್ನ ಸೋದರತ್ತೆಯನ್ನು ಹಾಡಿನ ಹೊತ್ತಿಗೆ ಒಳಗೇ ಬಿಟ್ಟು ಬರುತ್ತೇನೆ. ಅವಳು ನೋಡಿ ವರದಿ ಒಪ್ಪಿಸಲಿ. ಮಂಡಿ ನೋವು ಎಂದು ಹೇಗೂ ಏಳಲು ಗೊಣಗುತ್ತಾಳೆ.

ಇತಿ,
ಅಮ್ಮ


ಏಪ್ರಿಲ್ 6

ಬುಗುರಿಗೆ,

ನಿನ್ನ ಉತ್ತರ ಬರುವ ಮುಂಚೆಯೇ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ತಲೆಬಿಸಿಯಾಗಿದೆ.

ಗಡಿಯಾರ ರಿಪೇರಿಯವನೂ ಅವನ ಹೆಂಡತಿಯೂ ಇರುವ ಸಿನಿಮಾ. ನೀನೂ ನೋಡಿರುತ್ತೀಯ. ಗಂಡ ಹಡಗಿನ ಕೆಲಸಕ್ಕೆ ಹೋಗುತ್ತಾನೆ. ಹಾಡು ಶುರುವಾದಂತಾಯಿತು, ನಾವು ಎದ್ದೆವು, ನಿನ್ನ ಸೋದರತ್ತೆ ಕೂತಳು. ವಾಪಸ್ ಬಂದರೆ ಅವಳು ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಮನೆಗೆ ಬಂದ ಮೇಲೆ ವಿಚಾರಣೆ ನಡೆಸಿದೆ. ಮಾತು ಮಾತಿಗೆ ಬರೆಯುತ್ತಿದ್ದೇನೆ, ನೋಡು.

‘ಹಾಡಿನಲ್ಲಿ ಏನಾಯಿತು?’

‘ಏನೂ ಆಗ್ಲಿಲ್ಲ ಅತ್ತಿಗೆ.’

‘ಗಂಡ ಸತ್ತನೇ?’

‘ಇಲ್ಲ.’

‘ಕಾಗದ ಬಂತೇ? ಯಾರಾದರೂ ಬಂದರೇ?’

‘ಯಾರೂ ಬರ್ಲಿಲ್ಲ. ಅವಳು ಬಟ್ಟೆ ಒಣಹಾಕಿದ್ಲು.’

‘ಅಷ್ಟೇನೇ?’

‘ಒಂದು ಅಂಗಿ ಗಾಳಿಗೆ ಹಾರ್ತಿತ್ತು. ಅದಕ್ಕೆ ಕ್ಲಿಪ್ ಹಾಕಿದ್ಲು. ಆಮೇಲೆ ನಾನು ಅತ್ತೆ.’

‘ನೀನು ಯಾಕೆ ಅತ್ತೆ?’

‘ಅಯ್ಯೋ, ನಂಗೇನು ಗೊತ್ತು? ಬಂತು, ಅತ್ತೆ.’

‘ಹಾಡಿನ ಮಾತು ಏನಿತ್ತು?’

‘ಮಾತೇ ಇರ್ಲಿಲ್ಲ ಅತ್ತಿಗೆ, ಬರೀ ಕೊಳಲು.’

ಇಂಥವಳನ್ನು ಗೂಢಚಾರಿಕೆಗೆ ಕಳಿಸಿದ ರಾಜ ಊರು ಬಿಡಬೇಕಾಗುತ್ತದೆ. ಒಣಗಿದ ಬಟ್ಟೆ ನೋಡಿ ಅಳುವವಳು ನಮ್ಮ ಮನೆಯ ಹಗ್ಗದ ಕೆಳಗೆ ದಿನವೂ ಓಡಾಡುತ್ತಾಳೆ, ಒಂದು ಹನಿ ಹಾಕಿದ್ದು ನಾನು ಕಂಡಿಲ್ಲ.

ಲೈಟ್‌ಹೌಸಿನ ಹಾಡಿನಲ್ಲಿ ಎಲ್ಲ ನಡೆದುಹೋಗಿತ್ತು. ಇದರಲ್ಲಿ ಏನೂ ನಡೆಯಲಿಲ್ಲ, ಆದರೂ ಅತ್ತಳು. ನಿಮ್ಮ ಕಸುಬಿನ ಲೆಕ್ಕವೇನು? ತಿಳಿಸು. ಅಣಕಿಸಲು ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಇತಿ,
ಅಮ್ಮ


ಏಪ್ರಿಲ್ 21

ಪ್ರೀತಿಯ ಅಮ್ಮನಿಗೆ,

ಸೋದರತ್ತೆಯ ವರದಿಯನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಬಿಸಿನೀರಿನ ಲೋಟ ಕೆಳಗಿಟ್ಟು, ‘ಇದಕ್ಕಿಂತ ಒಳ್ಳೆ ವಿಮರ್ಶೆ ಯಾವ ಪೇಪರ್‌ನಲ್ಲೂ ಬಂದಿಲ್ಲ’ ಎಂದರು. ಹಾಸ್ಯಕ್ಕಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಸಿನಿಮಾದ ಮೊದಲಲ್ಲೇ ಗಂಡ ಗಡಿಯಾರ ಬಿಚ್ಚುತ್ತಾ ಶಿಳ್ಳೆ ಹಾಕುತ್ತಾನೆ, ನೆನಪಿದೆಯಾ? ‘ಸಾಕು ನಿಲ್ಸಿ’ ಎಂದು ಹೆಂಡತಿ ಬಯ್ಯುತ್ತಾಳೆ. ಹಾಡಿನ ಕೊಳಲು ನುಡಿಸಿದ್ದು ಅದೇ ಶಿಳ್ಳೆಯ ರಾಗವನ್ನು. ಅವಳು ಅಂಗಿಗೆ ಕ್ಲಿಪ್ ಹಾಕುವಾಗ ಕೊಳಲು ಕೊನೆಯ ತುಣುಕನ್ನು ಬಿಟ್ಟುಬಿಡುತ್ತದೆ. ಅವನು ಬರುವುದಿಲ್ಲ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ, ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಸೋದರತ್ತೆಗೆ ಯಾಕೆ ಅಳು ಬಂತು ಎಂದು ಹೇಳಲು ಬರಲಿಲ್ಲ. ಅದು ಅವಳ ತಪ್ಪಲ್ಲ, ಆ ರಾಗ ಇಟ್ಟವನ ಜಾಣತನ.

ಬ್ಯಾಂಕ್ ಕಳ್ಳರ ಡೋಲಿನ ವಿಷಯದಲ್ಲಿ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿ ನಾನು ಪಂಥದ ಒಂದು ಅಂಕ ನಿನಗೇ ಬಿಟ್ಟೆ.

ಅತ್ತಿಗೆ ಕಳ್ಳರ ಸಿನಿಮಾದ ಬಗ್ಗೆ ಹೇಳಿದ ಮಾತು ನನಗೆ ತುಂಬಾ ಹಿಡಿಸಿತು. ಅಮ್ಮಾ, ಕುರ್ಚಿಯ ವಿಷಯದಲ್ಲಿ ಅವಳನ್ನು ಯಾವತ್ತಾದರೂ ಕೇಳಿದ್ದೀಯಾ? ನಾನು ನುಣುಚಿಕೊಳ್ಳಲು ಹೇಳುತ್ತಿಲ್ಲ. ಸುಮ್ಮನೆ ಕೇಳಿದೆ.

ನಿನ್ನ
ಬುಗುರಿ


ಮೇ 12

ಬುಗುರಿಗೆ,

ಆ ಶಿಳ್ಳೆ ನನಗೆ ನೆನಪಿದೆ. ಹೆಂಡತಿಯ ಎದುರು ಶಿಳ್ಳೆ ಹಾಕುವ ಗಂಡಸು ಎಂದು ಅವನನ್ನು ಆಗಲೇ ಕಡೆಗಣಿಸಿಬಿಟ್ಟಿದ್ದೆ. ಅದು ಮುಂದೆ ಬೇಕಾಗುತ್ತದೆ ಎಂದು ಯಾರು ಕಂಡಿದ್ದರು?

ನನಗೆ ಜ್ವರ ಬಂದಿತ್ತು. ಈಗ ಇಲ್ಲ. ಅಷ್ಟು ದಿನ ನಿನ್ನ ಅತ್ತಿಗೆ ಅಂಗಡಿ ನೋಡಿಕೊಂಡಳು. ನಾನು ಎದ್ದು ಹೋದಾಗ ಆ ನಿವೃತ್ತ ತಹಶೀಲ್ದಾರರು ಕೂತಿದ್ದರು. ಯಾವ ಗಾಜು ಹಾಕಿದರೂ ‘ಮಸುಕು, ಮಸುಕು’ ಎನ್ನುವವರು, ಗೊತ್ತಲ್ಲ, ನನ್ನನ್ನೇ ಸೋಲಿಸಿದವರು. ನಿನ್ನ ಅತ್ತಿಗೆ ಅವರ ಕನ್ನಡಕ ತೆಗೆದುಕೊಂಡು ಒಳಗೆ ಹೋಗಿ, ಅದೇ ಗಾಜನ್ನು ಸೋಪಿನ ನೀರಲ್ಲಿ ತೊಳೆದು ತಂದು ಹಾಕಿದಳು. ‘ಆಹಾ, ಇದು ನೋಡು ಗಾಜು!’ ಎಂದರು. ಇವಳು ಮುಖದಲ್ಲಿ ಒಂದು ಗೆರೆ ಅಲುಗಿಸಲಿಲ್ಲ. ‘ಹೊಸ ಥರದ್ದು ಸರ್, ದಿನಾ ತೊಳೀಬೇಕು’ ಎಂದಳು.

ನೀನು ಕೇಳಿದ್ದಕ್ಕೆ ಉತ್ತರ: ಅವಳು ಚೆನ್ನಾಗಿದ್ದಾಳೆ.

ಇತಿ,
ಅಮ್ಮ


ಜೂನ್ 15

ಬುಗುರಿಗೆ,

ಈ ಕಾಗದವನ್ನು ಓದಿ ಹರಿದುಹಾಕು. ನಿನ್ನ ಮೇಷ್ಟ್ರಿಗೆ ಓದಿ ಹೇಳಬೇಡ.

ಮೊನ್ನೆ ಭಾನುವಾರ ಹಾಡಿಗೆ ಎದ್ದು ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದೆವು. ನಾನು ನಿನ್ನ ಅಣ್ಣನಿಗೆ ಹೇಳುತ್ತಿದ್ದೆ: ನಿಮ್ಮ ತಾತ ಎಂಥ ದೃಢ ಮನಸ್ಸಿನವರು, ಊರೆಲ್ಲ ಹಾಡಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಅವರೊಬ್ಬರೇ ಎದ್ದು ಬರುತ್ತಿದ್ದರು ಎಂದು. ನಿನ್ನ ಸೋದರತ್ತೆಗೆ ಚಹಾ ನೆತ್ತಿಗೆ ಹತ್ತಿತು. ಕೆಮ್ಮುತ್ತಾಳೆ, ನಗುತ್ತಾಳೆ, ಮತ್ತೆ ಕೆಮ್ಮುತ್ತಾಳೆ.

‘ಏನಾಯಿತೇ ನಿನಗೆ?’ ಎಂದೆ.

‘ಅತ್ತಿಗೆ, ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು.’

‘ಅದಕ್ಕೂ ಇದಕ್ಕೂ ಏನು?’

‘ಅದಕ್ಕೂ ಇದಕ್ಕೂನೇ! ಗಳಿಗೆಗೊಂದ್ಸಲ ಹೋಗ್ಲೇಬೇಕಿತ್ತು. ಕಥೆ ತಪ್ಪಬಾರ್ದು ಅಂತ ಹಾಡು ಬಂದಾಗ ಏಳ್ತಿದ್ರು. ನೀವು ಹೊಸ ಸೊಸೆ. ನಿಮ್ಮೆದುರಿಗೆ ಹೇಗೆ ಹೇಳೋದು? ಅದಕ್ಕೇ ಹಾಡು ಯಾರಿಗೆ ಬೇಕು ಅಂದ್ರು. ಮಾವ ಎದ್ರು ಅಂತ ನೀವೂ ಎದ್ರಿ. ನೀವು ಎದ್ರಿ ಅಂತ ಅಣ್ಣ ಎದ್ದ, ಅಣ್ಣ ಎದ್ದ ಅಂತ ನಾವೆಲ್ಲ ಎದ್ವಿ. ಪಾಪ, ಅಪ್ಪನಿಗೆ ಬಚ್ಚಲಿಗೆ ಹೋಗೋಕೂ ಮೆರವಣಿಗೆ!’

ನಿನ್ನ ಅಣ್ಣ ಗೋಡೆಯ ಕಡೆಗೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು. ನಿನ್ನ ಅತ್ತಿಗೆ ಖಾಲಿ ಲೋಟದೊಳಗೆ ಬಹಳ ಹೊತ್ತು ಏನನ್ನೋ ನೋಡಿದಳು.

‘ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?’ ಎಂದು ಕೇಳಿದೆ.

‘ಅಜ್ಜ ನೆಟ್ಟ ಆಲದ ಮರ ಅಂತಾರಲ್ಲ ಅತ್ತಿಗೆ, ನೀವು ಅದಕ್ಕೆ ದಿನಾ ನೀರು ಹಾಕ್ತಿದ್ರಿ. ನಾನ್ಯಾಕೆ ಅಡ್ಡ ಬರ್ಲಿ? ಮತ್ತೆ ಇಲ್ಲಿಯ ಚಹಾ ಚೆನ್ನಾಗಿರುತ್ತೆ.’ ಆಮೇಲೆ ದನಿ ತಗ್ಗಿಸಿ ಹೇಳಿದಳು: ‘ಅಪ್ಪ ಕೆಲಸ ಮುಗಿಸಿ ಒಳಗಿನ ಪರದೆ ಹತ್ರ ನಿಂತು, ಹಾಡು ಮುಗಿಯೋವರೆಗೂ ಕೇಳ್ತಿದ್ರು. ಕಾಲಲ್ಲಿ ತಾಳ ಹಾಕ್ತಿದ್ರು.’

ಹಾಡು ಇನ್ನೂ ನಡೆಯುತ್ತಿತ್ತು. ಯಾರೂ ಒಳಗೆ ಹೋಗಲಿಲ್ಲ, ಏಕೆಂದರೆ ನಾನು ಹೋಗಲಿಲ್ಲ. ಸಿನಿಮಾದ ಬಗ್ಗೆ ಈ ವಾರ ನನಗೆ ಯಾವ ಅಭಿಪ್ರಾಯವೂ ಇಲ್ಲ.

ಇತಿ,
ಅಮ್ಮ


ಆಗಸ್ಟ್ 24

ಪ್ರೀತಿಯ ಅಮ್ಮನಿಗೆ,

ತಾತನ ಮೆರವಣಿಗೆಯ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ನಾನು ಬರೆದ ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಅಣ್ಣ ‘ಅಮ್ಮ ಅಂಗಡಿಯಲ್ಲಿದ್ದಾಳೆ’ ಎನ್ನುತ್ತಾನೆ. ಅಂಗಡಿಗೆ ಮಾಡಿದರೆ ಅತ್ತಿಗೆ ‘ಅತ್ತೆ ಮನೆಗೆ ಹೋದ್ರು’ ಎನ್ನುತ್ತಾಳೆ. ಸೋದರತ್ತೆಯನ್ನು ಕೇಳಿದೆ. ಭಾನುವಾರ ಈಗಲೂ ಹೋಗುತ್ತೀರಂತೆ, ಈಗಲೂ ಹಾಡಿಗೆ ಏಳುತ್ತೀರಂತೆ, ಆದರೆ ಯಾರೂ ಚಹಾ ಕುಡಿಯುವುದಿಲ್ಲವಂತೆ, ಸುಮ್ಮನೆ ನಿಲ್ಲುತ್ತೀರಂತೆ. ನನಗೆ ನಗು ಬರಲಿಲ್ಲ.

ಒಂದು ಸುದ್ದಿ ಇದೆ. ಬರೆಯಬಾರದು ಎಂದುಕೊಂಡಿದ್ದೆ, ಆದರೆ ನಿನ್ನಿಂದ ಮುಚ್ಚಿಟ್ಟ ಕರವಸ್ತ್ರವೇ ನಿನಗೆ ಗೊತ್ತಿತ್ತು. ಮೇಷ್ಟ್ರು ಮುಂದಿನ ಸಿನಿಮಾದ ಪೂರ್ತಿ ಜವಾಬ್ದಾರಿ ನನಗೆ ಕೊಡುತ್ತೇನೆ ಎಂದಿದ್ದಾರೆ. ಯಾವ ಹಾಡು, ಎಲ್ಲಿ, ಎಲ್ಲಿ ಬೇಡ, ಎಲ್ಲ ನನ್ನ ಮಾತೇ. ಸೆಪ್ಟೆಂಬರ್ ಮುಗಿಯುವುದರೊಳಗೆ ಉತ್ತರ ಹೇಳಬೇಕು.

ನಾನು ಊರಿಗೆ ಹೊರಟಿದ್ದೇನೆ ಎಂದು ಅವರಿಗೆ ಹೇಳಿದೆ. ನಿನಗೆ ಮಾತು ಕೊಟ್ಟಿದ್ದೇನೆ, ನಿನ್ನ ಕೈ ನಡುಗುತ್ತಿದೆ, ಪಂಥದಲ್ಲಿ ನಾನು ಗೆದ್ದಿಲ್ಲ. ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಬೇಜಾರಿನಿಂದ ಬರೆಯುತ್ತಿಲ್ಲ ಅಮ್ಮ. ಕಣ್ಣು ಪರೀಕ್ಷೆಯೂ ನನಗೆ ಇಷ್ಟವೇ. ಸ್ವಲ್ಪ ಕಡಿಮೆ ಇಷ್ಟ, ಅಷ್ಟೆ.

ನಾನು ಕೆಲಸ ಮಾಡಿದ ಸಿನಿಮಾ ಮುಂದಿನ ತಿಂಗಳು ಅಲ್ಲಿಗೂ ಬರುತ್ತದೆ. ಬಾಡಿಗೆ ಕೋಣೆಗಳ ಮನೆ ನಡೆಸುವ ಹೆಂಗಸಿನ ಕಥೆ. ಅದರಲ್ಲಿ ಒಂದೇ ಒಂದು ಹಾಡು ನಾನು ಆರಿಸಿದ್ದು. ಎಲ್ಲರೂ ದೊಡ್ಡ ವಾದ್ಯಮೇಳ ಬೇಕು ಎಂದರು. ಬೇಡ, ಒಬ್ಬಳ ದನಿ ಸಾಕು, ಅದೂ ಪಳಗಿದ ದನಿ ಬೇಡ ಎಂದು ಹಟ ಹಿಡಿದೆ. ಹಟ ಎಲ್ಲಿಂದ ಬಂತು ಎಂದು ಮೇಷ್ಟ್ರು ಕೇಳಿದರು. ನಿನ್ನ ಕಾಗದಗಳ ಕಟ್ಟು ತೋರಿಸಿದೆ.

ಅದಕ್ಕೂ ಎದ್ದು ಹೋಗು, ತೊಂದರೆ ಇಲ್ಲ. ಮೊದಲ ಸಾಲಿನವರೆಗೆ ಮಾತ್ರ ಕೂರು, ಸಾಧ್ಯವಾದರೆ.

ನಿನ್ನ
ಬುಗುರಿ


ಸೆಪ್ಟೆಂಬರ್ 19

ಬುಗುರಿಗೆ,

ನಿನ್ನ ಸಿನಿಮಾ ನೋಡಿದೆವು. ಮೊದಲು ನನ್ನ ಅಭಿಪ್ರಾಯ.

ಸಿನಿಮಾ ಸಾಧಾರಣ. ಆ ನಾಯಕ ಒದ್ದೆ ಕಟ್ಟಿಗೆಯಂತೆ, ಉರಿಯುವುದಿಲ್ಲ, ಹೊಗೆ ಮಾತ್ರ. ಬಾಡಿಗೆಯವರು ಜಗಳವಾಡುವ ಕಡೆ ಯಾರೋ ತಂತಿ ವಾದ್ಯವನ್ನು ಕೀಯ್ ಕೀಯ್ ಎನ್ನಿಸಿದ್ದಾರೆ, ನೀನಲ್ಲ ಎಂದುಕೊಂಡಿದ್ದೇನೆ. ನೀನೇ ಆಗಿದ್ದರೆ ಇನ್ನು ಮೇಲೆ ಮಾಡಬೇಡ. ಕೋಣೆಗಳು ಮಾತ್ರ ಚೆನ್ನಾಗಿದ್ದವು, ನಿಜವಾಗಿ ಗುಡಿಸಿದ ಕೋಣೆಗಳಂತೆ ಕಂಡವು.

ಇನ್ನು ಹಾಡು. ಮನೆಯೊಡತಿ ಪೊರಕೆ ಹಿಡಿದಳು, ದನಿ ಎದ್ದಿತು. ನಮ್ಮ ಸಾಲೂ ಎದ್ದಿತು. ನಿನ್ನ ಅಣ್ಣ ನಿದ್ದೆಯಲ್ಲೇ ಎದ್ದ. ಅಭ್ಯಾಸ ಬಲ. ನಾನು ಏಳಲಿಲ್ಲ.

‘ಅಮ್ಮಾ, ಹಾಡು’ ಎಂದ.

‘ಕೇಳಿಸ್ತಿದೆ. ಕೂತ್ಕೋ.’

ಅವನು ಕೂರಲಿಲ್ಲ. ನನಗೆ ಏನೋ ಆಗಿದೆ ಎಂದು ಹಣೆ ಮುಟ್ಟಿ ನೋಡಿದ. ನಿನ್ನ ಸೋದರತ್ತೆ ಅರ್ಧ ಎದ್ದವಳು ಅರ್ಧದಲ್ಲೇ ನಿಂತಳು. ಹಿಂದಿನಿಂದ ಯಾರೋ, ‘ಏನ್ರೀ ಇದು, ಗೋಡೆ ಕಟ್ಟಿದೀರಲ್ಲ! ಕೂತ್ಕೊಳ್ರೀ!’ ಎಂದು ಕೂಗಿದರು. ಎಲ್ಲರೂ ಒಬ್ಬೊಬ್ಬರಾಗಿ ಕೂತರು. ಸ್ವಲ್ಪ ಹೊತ್ತಿಗೆ ಹೊರಗಿನ ಚಹಾದವನು ಪರದೆ ಸರಿಸಿ ಇಣುಕಿದ. ‘ಅಮ್ಮನೋರು ಹುಷಾರಾಗಿದಾರಾ?’ ಎಂದು ಪಿಸುಗುಟ್ಟಿದ. ನಾವು ಬರುತ್ತೇವೆಂದು ಲೋಟಗಳಿಗೆ ಸುರಿದಿಟ್ಟಿದ್ದನಂತೆ. ನಾನು ಅವನಿಗೂ ಸುಮ್ಮನಿರಲು ಕೈ ತೋರಿಸಿದೆ. ಅವನೂ ಅಲ್ಲೇ ನಿಂತು ಕೇಳಿದ.

ಆ ಹೆಂಗಸು ಒಂದೊಂದೇ ಕೋಣೆ ಗುಡಿಸುತ್ತಾ ಬರುತ್ತಾಳೆ. ಬಿಟ್ಟುಹೋದವರು ಬರುತ್ತಾರೆಂದು ಬೀಗ ಹಾಕಿಟ್ಟ ಕೋಣೆಯ ಮುಂದೆ ಬಂದಾಗಲೆಲ್ಲ ಪೊರಕೆ ಆಚೆ ಸರಿಯುತ್ತದೆ, ದನಿಯೂ ಒಂದು ಚೂರು ಆಚೆ ಸರಿಯುತ್ತದೆ. ಅವಳಿಗೆ ಹಾಡಲು ಬರುವುದಿಲ್ಲ. ಕೆಲಸ ಮಾಡುವವರು ಹೇಗೆ ಗುನುಗುತ್ತಾರೋ ಹಾಗೆ. ಕೊನೆಗೆ ಅವಳು ಒಂದು ಸಾಲನ್ನು ಅರ್ಧಕ್ಕೆ ನಿಲ್ಲಿಸಿದಳು. ನಾನು ಮುಂದಿನ ಶಬ್ದಕ್ಕೆ ಕಾದೆ. ಬರಲಿಲ್ಲ. ಇಡೀ ಹಾಲ್ ಕಾಯುತ್ತಿತ್ತು. ಅವಳು ಬೀಗ ತೆಗೆದಳು.

ಅವಳು ಯಾಕೆ ತೆಗೆದಳು ಎಂದು ಸಿನಿಮಾದಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ನನಗೆ ಗೊತ್ತಾಯಿತು. ಚಹಾ ಕುಡಿಯಲು ಹೋಗಿದ್ದರೆ, ವಾಪಸ್ ಬಂದು ‘ಈ ಬಾಗಿಲು ತೆಗೆದವರು ಯಾರು, ತಲೆ ಬುಡ ಇಲ್ಲದ ಸಿನಿಮಾ’ ಎಂದು ಮನೆಯಲ್ಲಿ ತೀರ್ಪು ಕೊಟ್ಟಿರುತ್ತಿದ್ದೆ. ನಾನು ಸೋತೆ ಎಂದು ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ಇನ್ನೊಮ್ಮೆ ಓದಿ ನೋಡು. ಆದರೆ ಆ ನಿಂತುಹೋದ ಸಾಲಿನ ಮುಂದಿನ ಶಬ್ದ ಯಾವುದು ಎಂದು ಬರೆದು ತಿಳಿಸು. ನಿನ್ನ ಸೋದರತ್ತೆ ಮೂರು ದಿನದಿಂದ ಅದನ್ನೇ ಹುಡುಕುತ್ತಿದ್ದಾಳೆ, ಅಡುಗೆಮನೆಯಲ್ಲಿ ನಿಂತು ಏನೇನೋ ಶಬ್ದ ಸೇರಿಸಿ ಹಾಡುತ್ತಾಳೆ, ನಮಗೆ ತಡೆಯಲಾಗುತ್ತಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದೆ. ನಿನ್ನ ಅತ್ತಿಗೆ ಎಂದಿನಂತೆ ಬಟ್ಟೆ ಹಿಡಿದು ಕುರ್ಚಿ ಒರೆಸುತ್ತಿದ್ದಳು. ನಾನು ನೇರವಾಗಿ ಕೇಳಿದೆ, ‘ನಿನಗೆ ಈ ಕುರ್ಚಿ ಬೇಕೇನು?’

ಯೋಚಿಸುತ್ತೇನೆ ಎನ್ನುತ್ತಾಳೆ, ಅವರನ್ನು ಕೇಳಬೇಕು ಎನ್ನುತ್ತಾಳೆ ಎಂದುಕೊಂಡಿದ್ದೆ. ‘ಬೇಕು’ ಎಂದಳು.

‘ಇಷ್ಟು ದಿನ ಯಾಕೆ ಹೇಳಲಿಲ್ಲ?’

‘ನೀವು ಕೇಳ್ಲೇ ಇಲ್ವಲ್ಲ ಅತ್ತೆ. ಊರಲ್ಲಿ ಇಲ್ಲದವಳಿಗೆ ಅಂತ ಇಟ್ಟ ಕುರ್ಚಿ. ಇದ್ದವಳು ದಿನಾ ಒರೆಸ್ತಿದ್ದೆ.’

ಬಟ್ಟೆ ಅವಳ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ನಾನೇ ಒರೆಸಿದೆ. ಕೂರು ಎಂದೆ. ಕೂತಳು. ಕಾಲು ನೆಲಕ್ಕೆ ಸರಿಯಾಗಿ ಎಟಕುತ್ತಿರಲಿಲ್ಲ. ಬಡಗಿಯನ್ನು ಕರೆಸಿ ಅವತ್ತೇ ಕುರ್ಚಿಯ ಕಾಲು ಒಂದಿಷ್ಟು ಕೊಯ್ಯಿಸಿದೆ. ಇನ್ನು ಅದು ನನಗೂ ಆಗುವುದಿಲ್ಲ, ನಿನಗೂ ಆಗುವುದಿಲ್ಲ. ಅಕ್ಟೋಬರಿನವರೆಗೆ ಕಾಯುವುದು ಯಾತಕ್ಕೆ? ಬೋರ್ಡ್ ಬರೆಯುವವನು ಬಂದು ನನ್ನ ಹೆಸರಿನ ಕೆಳಗೆ ಅವಳ ಹೆಸರು ಬರೆದು ಹೋಗಿದ್ದಾನೆ. ಅವಳದ್ದು ನನ್ನದಕ್ಕಿಂತ ದೊಡ್ಡ ಅಕ್ಷರದಲ್ಲಿದೆ. ಜಾಗ ಹೆಚ್ಚಿತ್ತು ಎನ್ನುತ್ತಾನೆ.

ನಾನೀಗ ಗಿರಾಕಿಗಳು ಕಾಯುವ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿಂದ ಅಂಗಡಿ ಬೇರೆಯೇ ಕಾಣುತ್ತದೆ. ತನ್ನ ಮೊದಲ ಗಿರಾಕಿಯಾಗಿ ಅವಳು ನನ್ನನ್ನೇ ಕರೆದು ಕಣ್ಣು ಪರೀಕ್ಷೆ ಮಾಡಿ, ಗಲ್ಲ ಎತ್ತಿ ಎಂದಳು. ಎತ್ತಿದೆ. ಹೊಸ ಗಾಜು ಹಾಕಿಸಬೇಕಂತೆ.

ನಿನಗೆ ಪಾಪಪ್ರಜ್ಞೆ ಜಾಸ್ತಿ. ಹೋಗಲೋ ಇರಲೋ ಎಂದು ತಿಂಗಳ ಕೊನೆಯವರೆಗೂ ಅಡ್ಡಗೋಡೆಯ ಮೇಲೆ ದೀಪ ಇಡುತ್ತೀಯ ಎಂದು ನನಗೆ ಗೊತ್ತು. ಅದಕ್ಕೇ ನಿನ್ನ ಅಣ್ಣನಿಂದ ನಿನ್ನ ಮೇಷ್ಟ್ರ ನಂಬರ್ ತೆಗೆದುಕೊಂಡು ನಿನ್ನೆ ನಾನೇ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಬಿಸಿನೀರು ಕುಡಿಯುವ ಸದ್ದು ಕೇಳಿಸುತ್ತಿತ್ತು. ‘ನನ್ನ ಮಗಳು ನಿಮ್ಮ ಕೆಲಸ ಒಪ್ಪಿದ್ದಾಳೆ’ ಎಂದೆ.

‘ಹೌದಾ? ಊರಿಗೆ ಹೊರಟೆ ಅಂತ ಪೆಟ್ಟಿಗೆ ಕಟ್ಟಿದ್ದಾಳಲ್ಲ?’ ಎಂದರು.

‘ಬಿಚ್ಚೋಕೆ ಹೇಳಿ’ ಎಂದೆ. ‘ಇಲ್ಲಿ ಅವಳಿಗೆ ಕೂರಲು ಕುರ್ಚಿ ಇಲ್ಲ.’

ಇತಿ,
ಅಮ್ಮ